ಜಂಬೂದ್ವೀಪದ ಪರಿಧಿಯ ಅಂಕಿಗಳು: ದಶಮಾಂಶ ರೂಪದಲ್ಲಿ ಭಾಗಲಬ್ಧ ಮತ್ತು ಅಭಾಗಲಬ್ಧ ಸಂಖ್ಯೆಗಳ ವಿವೇಚನೆ

ಲಕ್ಷ ಯೋಜನ ವಿಷ್ಕಂಭವುಳ್ಳ ಜಂಬೂದ್ವೀಪದ ಪರಿಧಿಯು ಮೂರು ಲಕ್ಷ ಹದಿನಾರು ಸಾವಿರದ ಇನ್ನೂರ ಇಪ್ಪತ್ತೇಳು ಯೋಜನ, ಮೂರು ಕ್ರೋಶ, ನೂರ ಇಪ್ಪತ್ತೆಂಟು ಧನುಸ್ಸು ಮತ್ತು ಹದಿಮೂರೂವರೆ ಅಂಗುಲಗಳಿಗಿಂತ ಕಿಂಚಿದಧಿಕವೆಂಬುದು ಕರಣಾನುಯೋಗದ ಅಭ್ಯಾಸಿಗಳಿಗೆ ಕಂಠಸ್ಥವಾದ ವಿಷಯ. ಇದನ್ನು ತರುವ ಕರಣಸೂತ್ರವೂ ಸುವಿದಿತವೇ ಆಗಿದೆ. ವಿಷ್ಕಂಭದ ವರ್ಗವನ್ನು ಹತ್ತರಿಂದ ಗುಣಿಸಿ, ಬಂದುದರ ವರ್ಗಮೂಲವನ್ನು ತೆಗೆದರೆ ಪರಿಧಿಯು ಲಭಿಸುತ್ತದೆ. ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ತ್ರಿಲೋಕಸಾರದಲ್ಲಿಯೂ ಈ ಸೂತ್ರವಿದೆ. ನೃಪತುಂಗನ ಕಾಲದ ಮಹಾವೀರಾಚಾರ್ಯರು ಗಣಿತಸಾರಸಂಗ್ರಹದಲ್ಲಿ ವ್ಯಾಸದ ಮೂರು ಪಟ್ಟನ್ನು ವ್ಯಾವಹಾರಿಕ ಪರಿಧಿಯೆಂದೂ, ಹತ್ತರ ಮೂಲದಿಂದ ಬಂದುದನ್ನು ಸೂಕ್ಷ್ಮ ಪರಿಧಿಯೆಂದೂ ಕರೆದಿದ್ದಾರೆ.

ಇದೇ ಸೂತ್ರವನ್ನು ಇಂದಿನ ಗಣಕಯಂತ್ರಕ್ಕೆ ಒಪ್ಪಿಸಿದರೆ ದೊರೆಯುವ ಸಂಖ್ಯೆ ೩೧೬೨೨೭.೭೬೬೦೧೬೮೩೭೯೩೩ ಯೋಜನ, ಅಂಕಿಗಳು ಮುಂದೆಯೂ ನಡೆಯುತ್ತವೆ. ನಾಲ್ಕು ಕ್ರೋಶಕ್ಕೆ ಒಂದು ಯೋಜನ, ಎರಡು ಸಾವಿರ ಧನುಸ್ಸಿಗೆ ಒಂದು ಕ್ರೋಶ, ತೊಂಬತ್ತಾರು ಅಂಗುಲಕ್ಕೆ ಒಂದು ಧನುಸ್ಸು ಎಂಬ ಮಾನದಿಂದ ಇದನ್ನು ವಿಂಗಡಿಸಿದಾಗ ಯೋಜನ, ಕ್ರೋಶ, ಧನುಸ್ಸುಗಳು ಗ್ರಂಥೋಕ್ತಿಯೊಡನೆ ತಪ್ಪದೆ ಹೊಂದುತ್ತವೆ. ಅಂಗುಲಗಳು ಮಾತ್ರ ಹೊಂದುವುದಿಲ್ಲ. ಗ್ರಂಥದಲ್ಲಿ ಹದಿಮೂರೂವರೆಗಿಂತ ಹೆಚ್ಚು. ಯಂತ್ರದಲ್ಲಿ ಸುಮಾರು ೧೨.೯೩, ಎಂದರೆ ಹದಿಮೂರಕ್ಕೂ ಕಡಿಮೆ. ಹಸ್ತಪ್ರತಿಯ ಸಂಪಾದನೆಗೆ ಕುಳಿತವನ ಮುಂದೆ ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಓಲೆಯ ಪಾಠವು ಲಿಪಿಕಾರನ ಪ್ರಮಾದವೆ? ಹನ್ನೆರಡನ್ನು ಹದಿಮೂರೆಂದು ಬರೆದನೆ? ತಿದ್ದಬೇಕೆ, ಬಿಡಬೇಕೆ?

ತಿದ್ದಬಾರದು. ಆದರೆ ಏಕೆ ತಿದ್ದಬಾರದೆಂಬುದನ್ನು ಅರಿಯಬೇಕಾದರೆ ಈ ಎರಡು ಅಂಕಿಸಾಲುಗಳು ಒಂದೇ ಜಾತಿಯ ಸಂಖ್ಯೆಗಳಲ್ಲವೆಂಬುದನ್ನು ಮೊದಲು ತಿಳಿಯಬೇಕು. ಗ್ರಂಥದ ಅಂಗುಲವು ಭಾಗಲಬ್ಧ ಸಂಖ್ಯೆಯೊಂದರಿಂದ ಬಂದದ್ದು. ಯಂತ್ರವು ತೋರಿಸುವುದು ಅಭಾಗಲಬ್ಧ ಸಂಖ್ಯೆಯೊಂದರ ಮೊದಲ ಕೆಲವು ಅಂಕಿಗಳನ್ನು. ಬಿಂದುವಿನ ಮುಂದಿನ ಅಂಕಿಗಳನ್ನು ನೋಡಿ ಇವೆರಡನ್ನು ಹೇಗೆ ಬೇರ್ಪಡಿಸಬಹುದು, ಎಲ್ಲಿಯವರೆಗೆ ಬೇರ್ಪಡಿಸಲಾಗದು ಎಂಬುದೇ ಪ್ರಕೃತ ವಿಚಾರ.

ಪರಿಭಾಷೆಯ ಬಗೆಗೆ ಒಂದು ಮಾತು ಅಗತ್ಯ. ಕರಣಗ್ರಂಥಗಳಲ್ಲಿ ಲಬ್ಧವೆಂದರೆ ಭಾಗಹಾರದಿಂದ ಬಂದ ಫಲ. ಇಂದಿನ ಕನ್ನಡ ಪಠ್ಯಪುಸ್ತಕಗಳಲ್ಲಿ ಭಾಗಲಬ್ಧ ಸಂಖ್ಯೆಯೆಂದರೆ ಎರಡು ಪೂರ್ಣಾಂಕಗಳ ಅಂಶ–ಛೇದ ರೂಪದಲ್ಲಿ ಬರೆಯಬಹುದಾದ ಯಾವುದೇ ಸಂಖ್ಯೆ; ಹಾಗೆ ಬರೆಯಲಾಗದುದು ಅಭಾಗಲಬ್ಧ. ಕಲಾಸವರ್ಣದ ಪ್ರಕರಣದಲ್ಲಿ ಬರುವ ಭಿನ್ನರಾಶಿಗಳೆಲ್ಲವೂ ಮೊದಲನೆಯ ವರ್ಗಕ್ಕೆ ಸೇರುತ್ತವೆ. ಮೂಲವು ಪೂರ್ಣವಾಗಿ ಬಾರದ ಕರಣಿಗಳು ಎರಡನೆಯ ವರ್ಗಕ್ಕೆ ಸೇರುತ್ತವೆ. ಈ ಲೇಖನದಲ್ಲಿ ಪಠ್ಯಪುಸ್ತಕಗಳ ಅರ್ಥವನ್ನೇ ಇಟ್ಟುಕೊಳ್ಳಲಾಗಿದೆ.

ಭಿನ್ನರಾಶಿಯನ್ನು ದಶಮಾಂಶಕ್ಕೆ ತರುವುದೆಂದರೆ ಅಂಶವನ್ನು ಛೇದದಿಂದ ಭಾಗಿಸುತ್ತ, ಉಳಿದ ಶೇಷವನ್ನು ಪ್ರತಿಸಲವೂ ಹತ್ತರಿಂದ ಗುಣಿಸಿ ಮತ್ತೆ ಭಾಗಿಸುವುದು. ಒಂದನ್ನು ಏಳರಿಂದ ಭಾಗಿಸುವ ಸಾಮಾನ್ಯ ಉದಾಹರಣೆಯನ್ನೇ ತೆಗೆದುಕೊಳ್ಳಬಹುದು. ಹತ್ತರಲ್ಲಿ ಏಳು ಒಂದು ಸಲ, ಶೇಷ ಮೂರು. ಮೂವತ್ತರಲ್ಲಿ ನಾಲ್ಕು ಸಲ, ಶೇಷ ಎರಡು. ಇಪ್ಪತ್ತರಲ್ಲಿ ಎರಡು ಸಲ, ಶೇಷ ಆರು. ಅರವತ್ತರಲ್ಲಿ ಎಂಟು ಸಲ, ಶೇಷ ನಾಲ್ಕು. ನಲವತ್ತರಲ್ಲಿ ಐದು ಸಲ, ಶೇಷ ಐದು. ಐವತ್ತರಲ್ಲಿ ಏಳು ಸಲ, ಶೇಷ ಒಂದು. ಮೊದಲು ಇದ್ದುದೂ ಒಂದೇ. ಆದ್ದರಿಂದ ಇಲ್ಲಿಂದ ಮುಂದೆ ಹಿಂದಿನ ಕ್ರಮವೇ ಮರುಕಳಿಸದೆ ಗತ್ಯಂತರವಿಲ್ಲ. ೦.೧೪೨೮೫೭ ೧೪೨೮೫೭ ಎಂದು ಆರು ಅಂಕಿಗಳ ಗುಂಪು ಕೊನೆಯಿಲ್ಲದೆ ಆವರ್ತಿಸುತ್ತದೆ.

ಇಲ್ಲಿ ಗಮನಿಸಬೇಕಾದುದು ಅಂಕಿಗಳನ್ನಲ್ಲ, ಶೇಷಗಳನ್ನು. ಏಳರಿಂದ ಭಾಗಿಸುವಾಗ ಉಳಿಯಬಹುದಾದ ಶೇಷಗಳು ಸೊನ್ನೆಯನ್ನು ಬಿಟ್ಟರೆ ಆರು ಮಾತ್ರ. ಸೊನ್ನೆ ಬಂದರೆ ಭಾಗಹಾರ ಮುಗಿಯಿತು. ಬಾರದಿದ್ದರೆ ಏಳನೆಯ ಸಲಕ್ಕೆ ಮುಂಚೆಯೇ ಯಾವುದಾದರೊಂದು ಶೇಷ ಎರಡನೆಯ ಬಾರಿ ಬರಲೇಬೇಕು. ಬಂದ ಕೂಡಲೇ ಆವರ್ತನ ಆರಂಭವಾಗುತ್ತದೆ. ಛೇದ ಎಷ್ಟೇ ದೊಡ್ಡದಾಗಿರಲಿ, ಈ ಯುಕ್ತಿಯು ಬದಲಾಗುವುದಿಲ್ಲ. ಆದ್ದರಿಂದ ಭಾಗಲಬ್ಧ ಸಂಖ್ಯೆಯ ದಶಮಾಂಶ ರೂಪವು ಒಂದೋ ಅಂತ್ಯಗೊಳ್ಳುತ್ತದೆ, ಇಲ್ಲವೇ ಒಂದು ಸ್ಥಾನದಿಂದಾಚೆಗೆ ಆವರ್ತಿಸುತ್ತದೆ. ಆವರ್ತದ ಉದ್ದವು ಛೇದಕ್ಕಿಂತ ಯಾವಾಗಲೂ ಕಡಿಮೆ.

ಇದರ ವಿಲೋಮವೂ ಸತ್ಯ. ಆವರ್ತಿಸುವ ಯಾವ ದಶಮಾಂಶವನ್ನೇ ಆಗಲಿ ಭಿನ್ನರಾಶಿಗೆ ಹಿಂತಿರುಗಿಸಬಹುದು. ೦.೨೭೨೭೨೭ ಎಂದು ನಡೆಯುವ ಸಂಖ್ಯೆಯನ್ನು ನೂರರಿಂದ ಗುಣಿಸಿದರೆ ೨೭.೨೭೨೭೨೭ ಎಂದಾಗುತ್ತದೆ, ಅದರಲ್ಲಿ ಮೂಲ ಸಂಖ್ಯೆಯನ್ನು ಕಳೆದರೆ ಬಾಲವೆಲ್ಲ ಕಳಚಿ ೨೭ ಉಳಿಯುತ್ತದೆ. ಅಂದಮೇಲೆ ಆ ಸಂಖ್ಯೆಯ ತೊಂಬತ್ತೊಂಬತ್ತು ಪಟ್ಟು ೨೭; ಸಂಖ್ಯೆಯು ೩/೧೧. ಇದೇ ಕ್ರಮವನ್ನು ೦.೯೯೯ ಎಂದು ನಡೆಯುವುದಕ್ಕೆ ಅನ್ವಯಿಸಿದರೆ ಒಂದು ಎಂಬ ಉತ್ತರವೇ ಬರುತ್ತದೆ. ಒಂದೇ ಸಂಖ್ಯೆಗೆ ಎರಡು ಬರೆಹಗಳಿರುವುದನ್ನು ಕಂಡು ಕೆಲವರು ಗೊಂದಲಗೊಳ್ಳುವುದುಂಟು. ಅಂತ್ಯಗೊಳ್ಳುವ ದಶಮಾಂಶಗಳಲ್ಲಿ ಮಾತ್ರ ಈ ದ್ವೈರೂಪ್ಯವಿದೆ, ಪ್ರಕೃತ ವಿಚಾರಕ್ಕೆ ಅದರಿಂದ ಬಾಧಕವಿಲ್ಲ.

ಯಾವ ಭಿನ್ನರಾಶಿ ಅಂತ್ಯಗೊಳ್ಳುತ್ತದೆ, ಯಾವುದು ಆವರ್ತಿಸುತ್ತದೆ ಎಂಬುದನ್ನು ಭಾಗಿಸದೆಯೇ ಹೇಳಬಹುದು. ಅಂಶ–ಛೇದಗಳ ಸಮಾನ ಗುಣಕಗಳನ್ನು ಹೊಡೆದುಹಾಕಿದ ಮೇಲೆ ಛೇದದಲ್ಲಿ ಎರಡು ಮತ್ತು ಐದು ಎಂಬ ಗುಣಕಗಳು ಮಾತ್ರ ಉಳಿದರೆ ಅಂತ್ಯ. ಬೇರೆ ಯಾವ ಅವಿಭಾಜ್ಯ ಗುಣಕವಿದ್ದರೂ ಆವರ್ತ. ಹತ್ತರ ಗುಣಕಗಳು ಇವೆರಡೇ ಆಗಿರುವುದೇ ಕಾರಣ. ಧವಲಾ ಟೀಕೆಯನ್ನು ಓದಿದವರಿಗೆ ಇಲ್ಲಿ ಅರ್ಧಚ್ಛೇದದ ನೆನಪಾಗುವುದು ಸಹಜ. ಒಂದು ರಾಶಿಯನ್ನು ಒಂದು ಉಳಿಯುವವರೆಗೆ ಎಷ್ಟು ಸಲ ಅರ್ಧಿಸಬಹುದೋ ಅಷ್ಟು ಅದರ ಅರ್ಧಚ್ಛೇದಗಳು. ಅರವತ್ತನಾಲ್ಕರ ಅರ್ಧಚ್ಛೇದ ಆರು. ೩/೬೪ ಎಂಬುದು ೦.೦೪೬೮೭೫ ಎಂದು ಸರಿಯಾಗಿ ಆರನೆಯ ಸ್ಥಾನದಲ್ಲಿ ನಿಲ್ಲುತ್ತದೆ. ಎರಡರ ಅಥವಾ ಐದರ ಜೊತೆಗೆ ಬೇರೆ ಗುಣಕವೂ ಬೆರೆತಿದ್ದರೆ ಮೊದಲು ಕೆಲವು ಅಂಕಿಗಳು ಆವರ್ತದ ಹೊರಗೆ ನಿಂತು ಆಮೇಲೆ ಆವರ್ತ ಆರಂಭವಾಗುತ್ತದೆ; ೭/೧೨ ಎಂಬುದು ೦.೫೮೩೩೩ ಆಗುವಂತೆ.

ಮೇಲಿನ ಎರಡು ಮಾತುಗಳಿಂದ ಅಭಾಗಲಬ್ಧ ಸಂಖ್ಯೆಯ ಲಕ್ಷಣವು ತಾನಾಗಿ ಸಿದ್ಧಿಸುತ್ತದೆ. ಅದರ ದಶಮಾಂಶವು ಎಂದೂ ಅಂತ್ಯಗೊಳ್ಳದು, ಎಂದೂ ಆವರ್ತಿಸದು. ಇಲ್ಲಿ ಆವರ್ತಿಸದು ಎಂಬುದನ್ನು ಕ್ರಮವಿಲ್ಲದ್ದು ಎಂದು ಅರ್ಥಮಾಡುವುದು ಸಾಮಾನ್ಯವಾದ ತಪ್ಪು. ೦.೧೦೧೦೦೧೦೦೦೧೦೦೦೦೧ ಎಂದು ಒಂದುಗಳ ನಡುವೆ ಸೊನ್ನೆಗಳನ್ನು ಒಂದೊಂದಾಗಿ ಹೆಚ್ಚಿಸುತ್ತ ಹೋದ ಸಂಖ್ಯೆಯಲ್ಲಿ ಕ್ರಮವು ಎದ್ದು ಕಾಣುತ್ತದೆ. ಮುಂದಿನ ಅಂಕಿ ಯಾವುದೆಂದು ಬಾಲಕನೂ ಹೇಳಬಲ್ಲನು. ಆದರೂ ಅದು ಅಭಾಗಲಬ್ಧ. ಏಕೆಂದರೆ ಸೊನ್ನೆಗಳ ಸಾಲು ಎಷ್ಟು ಬೇಕಾದರೂ ಉದ್ದವಾಗುವುದರಿಂದ ನಿಯತವಾದ ಉದ್ದದ ಯಾವ ಗುಂಪೂ ಅಲ್ಲಿ ಮರುಕಳಿಸಲಾರದು.

ಹತ್ತರ ವರ್ಗಮೂಲ ಅಭಾಗಲಬ್ಧವೆಂಬುದಕ್ಕೆ ಸಾಧನೆ ಏನು? ಅದರ ಅಂಕಿಗಳನ್ನು ಸಾವಿರ ಸ್ಥಾನಗಳವರೆಗೆ ತೆಗೆದು ಆವರ್ತವಿಲ್ಲವೆಂದು ತೋರಿಸಿದರೆ ಅದು ಸಾಧನೆಯಾಗದು. ಸಾವಿರದ ಒಂದನೆಯ ಸ್ಥಾನದ ವಿಷಯವನ್ನು ಅದು ಹೇಳುವುದಿಲ್ಲ. ಆದರೆ ಸ್ಥಾನಮಾನದ ಬರೆಹವನ್ನೇ ಆಶ್ರಯಿಸಿದ ಬಹು ಸರಳವಾದ ಯುಕ್ತಿಯೊಂದಿದೆ. ಯಾವುದೇ ಪೂರ್ಣಾಂಕದ ಕೊನೆಯಲ್ಲಿ ಎಷ್ಟು ಸೊನ್ನೆಗಳಿವೆಯೋ ಅದರ ವರ್ಗದ ಕೊನೆಯಲ್ಲಿ ಅದರ ಇಮ್ಮಡಿ ಸೊನ್ನೆಗಳಿರುತ್ತವೆ, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ವರ್ಗದಲ್ಲಿ ಹೊಸದಾಗಿ ಸೊನ್ನೆ ಹುಟ್ಟಬೇಕಾದರೆ ಎರಡೂ ಐದೂ ಮೂಲದಲ್ಲಿಯೇ ಇರಬೇಕು. ಇದ್ದರೆ ಮೂಲದಲ್ಲಿಯೇ ಸೊನ್ನೆ ಇರುತ್ತಿತ್ತು. ಹೀಗಾಗಿ ವರ್ಗಸಂಖ್ಯೆಯ ಕೊನೆಯ ಸೊನ್ನೆಗಳು ಯಾವಾಗಲೂ ಸಮ. ಈಗ ಹತ್ತರ ಮೂಲವು ಒಂದು ಭಿನ್ನರಾಶಿಯೆಂದು ಭಾವಿಸೋಣ. ಆಗ ಅಂಶದ ವರ್ಗವು ಛೇದದ ವರ್ಗದ ಹತ್ತು ಪಟ್ಟಾಗಬೇಕು. ಅಂಶದ ವರ್ಗದಲ್ಲಿ ಸೊನ್ನೆಗಳು ಸಮ. ಛೇದದ ವರ್ಗದಲ್ಲಿಯೂ ಸಮ. ಹತ್ತರಿಂದ ಗುಣಿಸಿದಾಗ ಒಂದು ಸೊನ್ನೆ ಹೆಚ್ಚಿ ವಿಷಮವಾಗುತ್ತದೆ. ಒಂದೇ ಸಂಖ್ಯೆಯ ಕೊನೆಯಲ್ಲಿ ಸಮವೂ ವಿಷಮವೂ ಆದ ಸೊನ್ನೆಗಳಿರಲು ಸಾಧ್ಯವಿಲ್ಲ. ಆದ್ದರಿಂದ ಅಂತಹ ಭಿನ್ನರಾಶಿ ಇಲ್ಲ. ಲಕ್ಷದ ವರ್ಗದ ಹತ್ತು ಪಟ್ಟು ಒಂದರ ಮುಂದೆ ಹನ್ನೊಂದು ಸೊನ್ನೆಗಳುಳ್ಳ ಸಂಖ್ಯೆ, ಹತ್ತು ಸಾವಿರ ಕೋಟಿ; ಸೊನ್ನೆಗಳು ವಿಷಮವಾದುದರಿಂದ ಅದಕ್ಕೂ ಇದೇ ಯುಕ್ತಿ ಸಲ್ಲುತ್ತದೆ. ಕರಣಸೂತ್ರವನ್ನು ಅಕ್ಷರಶಃ ತೆಗೆದುಕೊಂಡರೆ ಜಂಬೂದ್ವೀಪದ ಪರಿಧಿಯು ಅಭಾಗಲಬ್ಧ.

ಆದರೆ ಗ್ರಂಥಕಾರರು ಯೋಜನ, ಕ್ರೋಶ, ಅಂಗುಲಗಳಲ್ಲಿ ಹೇಳಿದ್ದು ಆ ಸಂಖ್ಯೆಯನ್ನಲ್ಲ. ಅವರ ಲೆಕ್ಕದ ಹಾದಿಯನ್ನು ಹಿಡಿದು ನಡೆದರೆ ಇದು ಸ್ಪಷ್ಟವಾಗುತ್ತದೆ. ಹತ್ತು ಸಾವಿರ ಕೋಟಿಯೊಳಗಿನ ಅತಿ ದೊಡ್ಡ ವರ್ಗವು ೩೧೬೨೨೭ರ ವರ್ಗ. ಕಳೆದರೆ ಶೇಷ ೪೮೪೪೭೧. ಈ ಶೇಷವನ್ನು ಮೂಲದ ಇಮ್ಮಡಿಯಿಂದ, ಅಂದರೆ ೬೩೨೪೫೪ರಿಂದ, ಭಾಗಿಸಿದುದು ಯೋಜನದ ಭಾಗ. ಆಸನ್ನಮೂಲವನ್ನು ತೆಗೆಯುವ ಪ್ರಸಿದ್ಧ ಕ್ರಮವಿದು. ೪೮೪೪೭೧ನ್ನು ನಾಲ್ಕರಿಂದ ಗುಣಿಸಿ ಛೇದದಿಂದ ಭಾಗಿಸಿದರೆ ಮೂರು ಕ್ರೋಶ, ಶೇಷ ೪೦೫೨೨. ಅದನ್ನು ಎರಡು ಸಾವಿರದಿಂದ ಗುಣಿಸಿ ಭಾಗಿಸಿದರೆ ನೂರ ಇಪ್ಪತ್ತೆಂಟು ಧನುಸ್ಸು, ಶೇಷ ೮೯೮೮೮. ತೊಂಬತ್ತಾರರಿಂದ ಗುಣಿಸಿ ಭಾಗಿಸಿದರೆ ಹದಿಮೂರು ಅಂಗುಲ, ಶೇಷ ೪೦೭೩೪೬. ಇದು ಛೇದದ ಅರ್ಧಕ್ಕಿಂತ ಹೆಚ್ಚು. ಅರ್ಧವನ್ನು ತೆಗೆದರೆ ೯೧೧೧೯ ಉಳಿಯುತ್ತದೆ. ಹದಿಮೂರೂವರೆ ಅಂಗುಲ, ಮೇಲೆ ಅಂಗುಲದ ಸುಮಾರು ಏಳನೆಯ ಒಂದು ಭಾಗ. ಗ್ರಂಥೋಕ್ತಿ ಅಕ್ಷರಶಃ ಹೊಂದುತ್ತದೆ. ಗಣಿತೇತಿಹಾಸಕಾರ ರಾಧಾಚರಣ ಗುಪ್ತರು ೧೯೭೫ರಲ್ಲಿ ಈ ಪರಿಧಿಯನ್ನೇ ವಿಷಯವಾಗಿಟ್ಟುಕೊಂಡು ಪ್ರತ್ಯೇಕ ಲೇಖನವನ್ನು ಪ್ರಕಟಿಸಿದ್ದಾರೆ.

ಕಿಂಚಿದಧಿಕ ಅಥವಾ ಸಾಧಿಕ ಎಂಬ ಮಾತಿನ ಅರ್ಥವೂ ಇದರಿಂದ ನಿಶ್ಚಿತವಾಗುತ್ತದೆ. ಕರಣಿಯ ಮೂಲ ಎಂದೂ ಮುಗಿಯದೆಂಬುದನ್ನು ಆಚಾರ್ಯರು ಈ ಶಬ್ದದಿಂದ ಸೂಚಿಸಿದರೆಂದು ಹೇಳುವುದು ಆಕರ್ಷಕವಾಗಿ ತೋರಬಹುದು. ಆದರೆ ಅದಕ್ಕೆ ಆಧಾರ ಸಾಲದು. ಅಧಿಕವೆಂದು ಹೇಳಿರುವುದು ೯೧೧೧೯/೬೩೨೪೫೪ ಅಂಗುಲವನ್ನು. ಕರಣಿಯ ನಿಜವಾದ ಮೂಲವಾದರೋ ಹದಿಮೂರು ಅಂಗುಲವನ್ನೂ ಮುಟ್ಟುವುದಿಲ್ಲ. ಆಸನ್ನಮೂಲವನ್ನು ವರ್ಗಮಾಡಿದರೆ ಭಿನ್ನಭಾಗದ ವರ್ಗದಷ್ಟು ಹೆಚ್ಚು ಬರುತ್ತದೆ. ಹತ್ತು ಸಾವಿರ ಕೋಟಿಯ ಮೇಲೆ ಸುಮಾರು ೦.೫೮೬೮ ಮಾತ್ರ. ಅಷ್ಟರಿಂದಲೇ ಪರಿಧಿಯಲ್ಲಿ ಅಂಗುಲದ ಮುಕ್ಕಾಲಿಗೆ ಸ್ವಲ್ಪ ಕಡಿಮೆ ವ್ಯತ್ಯಾಸ ಉಂಟಾಗಿದೆ. ಮೂರು ಲಕ್ಷ ಯೋಜನಗಳಲ್ಲಿ ಒಂದು ಅಂಗುಲಕ್ಕೂ ಕಡಿಮೆಯಾದ ಈ ಅಂತರವನ್ನು ದೋಷವೆನ್ನುವುದಕ್ಕಿಂತ ಕ್ರಮದ ಗುರುತೆನ್ನುವುದು ಉಚಿತ. ಅದೇ ಪಾಠದ ಪ್ರಾಮಾಣ್ಯಕ್ಕೆ ಸಾಕ್ಷಿ.

ತಿಲೋಯಪಣ್ಣತ್ತಿಯು ಅಂಗುಲದಲ್ಲಿ ನಿಲ್ಲುವುದಿಲ್ಲ. ಸೋಲಾಪುರದ ಜೀವರಾಜ ಜೈನ ಗ್ರಂಥಮಾಲೆಯಲ್ಲಿ ಆ. ನೇ. ಉಪಾಧ್ಯೆ ಮತ್ತು ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ೧೯೪೩ ಮತ್ತು ೧೯೫೧ರಲ್ಲಿ ಎರಡು ಭಾಗಗಳಾಗಿ ಹೊರಬಂದ ಈ ಗ್ರಂಥದ ನಾಲ್ಕನೆಯ ಮಹಾಧಿಕಾರದಲ್ಲಿ ಪರಿಧಿಯನ್ನು ಅವಸನ್ನಾಸನ್ನದವರೆಗೆ ಇಳಿಸಲಾಗಿದೆ. ಅಂಗುಲದಿಂದ ಕೆಳಗೆ ಪ್ರತಿಯೊಂದು ಮಾನವೂ ಹಿಂದಿನದರ ಎಂಟನೆಯ ಒಂದು ಭಾಗ: ಯವ, ಯೂಕ, ಲಿಕ್ಷಾ, ಕರ್ಮಭೂಮಿಯ ವಾಲಾಗ್ರ, ಜಘನ್ಯ, ಮಧ್ಯಮ ಮತ್ತು ಉತ್ತಮ ಭೋಗಭೂಮಿಗಳ ವಾಲಾಗ್ರಗಳು, ರಥರೇಣು, ತ್ರಸರೇಣು, ತ್ರುಟಿರೇಣು, ಸನ್ನಾಸನ್ನ, ಅವಸನ್ನಾಸನ್ನ. ಶೇಷ ೪೦೭೩೪೬ನ್ನು ಎಂಟರಿಂದ ಗುಣಿಸಿ ಭಾಗಿಸುತ್ತ ಹೋದರೆ ಈ ಹನ್ನೆರಡು ಸ್ಥಾನಗಳಲ್ಲಿ ಕ್ರಮವಾಗಿ ೫, ೧, ೧, ೬, ೦, ೭, ೫, ೧, ೩, ೦, ೨, ೩ ಬರುತ್ತವೆ. ಕೊನೆಗೆ ಉಳಿಯುವುದು ೧೩೯೨೭೮/೬೩೨೪೫೪. ಆರರಿಂದ ಅಪವರ್ತಿಸಿದರೆ ೨೩೨೧೩/೧೦೫೪೦೯. ಗ್ರಂಥವು ಕೊನೆಯಲ್ಲಿ ಹೇಳುವ ಭಿನ್ನರಾಶಿ ಇದೇ. ಅವಸನ್ನಾಸನ್ನವು ಅನಂತಾನಂತ ಪರಮಾಣುಗಳ ಸ್ಕಂಧವಾದುದರಿಂದ ಆ ಭಾಗಕ್ಕೂ ಅರ್ಥವುಂಟು.

ಹತ್ತರ ಬದಲು ಎಂಟನ್ನು ಆಧಾರವಾಗಿಟ್ಟ ದಶಮಾಂಶವೇ ಈ ಯವ–ಯೂಕಗಳ ಶ್ರೇಣಿ. ದಶಮಾಂಶದಲ್ಲಿ ಶೇಷವನ್ನು ಹತ್ತರಿಂದ ಗುಣಿಸುವಂತೆ ಇಲ್ಲಿ ಎಂಟರಿಂದ ಗುಣಿಸಲಾಗಿದೆ, ಅಷ್ಟೇ ಭೇದ. ಆದ್ದರಿಂದ ಶೇಷಗಳ ಯುಕ್ತಿ ಇಲ್ಲಿಯೂ ನಡೆಯುತ್ತದೆ. ಎಂಟರಲ್ಲಿ ಎರಡು ಎಂಬ ಗುಣಕ ಮಾತ್ರವಿರುವುದರಿಂದ ಈ ಶ್ರೇಣಿಯಲ್ಲಿ ಲೆಕ್ಕವು ಶೇಷವಿಲ್ಲದೆ ಮುಗಿಯಬೇಕಾದರೆ ಛೇದವು ಪೂರ್ತಿಯಾಗಿ ಅರ್ಧಿಸಿ ಒಂದಕ್ಕೆ ಇಳಿಯುವಂತಹುದಾಗಿರಬೇಕು. ೧೦೫೪೦೯ ಅಂತಹುದಲ್ಲ; ಅದು ೨೩ ಮತ್ತು ೪೫೮೩ ಎಂಬ ಎರಡು ಅವಿಭಾಜ್ಯಗಳ ಗುಣಲಬ್ಧ. ಅವಸನ್ನಾಸನ್ನದ ಕೆಳಗೆ ಇನ್ನೂ ನೂರು ಮಾನಗಳನ್ನು ಕಲ್ಪಿಸಿದ್ದರೂ ಶೇಷ ಉಳಿಯುತ್ತಲೇ ಇತ್ತು. ಶ್ರೇಣಿಯನ್ನು ಮುಂದುವರಿಸಿದರೆ ೨೫೨೦೧ ಸ್ಥಾನಗಳಾದ ಮೇಲೆ ಮತ್ತೆ ೫, ೧, ೧, ೬ ಎಂದು ಮೊದಲಿನಿಂದ ಆರಂಭವಾಗುತ್ತದೆ. ಅಷ್ಟು ದೂರ ಇಳಿಯುವ ಬದಲು ಶೇಷವನ್ನು ಭಿನ್ನರಾಶಿಯಾಗಿಯೇ ಇಟ್ಟು ಮುಗಿಸಿದುದರಲ್ಲಿ ಗ್ರಂಥಕಾರರ ವಿವೇಕ ಕಾಣುತ್ತದೆ. ಹೀಗೆ ಹೇಳಿದ ಸಂಖ್ಯೆಯು ಸ್ಥೂಲವಲ್ಲ, ಒಂದು ಭಾಗಲಬ್ಧ ಸಂಖ್ಯೆಯ ನಿಶ್ಶೇಷವಾದ ನಿರೂಪಣೆ.

ಇದೇ ಪರಿಧಿಯನ್ನು ಯೋಜನದ ದಶಮಾಂಶದಲ್ಲಿ ಬರೆದರೆ ೩೧೬೨೨೭.೭೬೬೦೧೭೭೬೫೭ ಎಂದು ಆರಂಭವಾಗುತ್ತದೆ. ಆವರ್ತದ ಉದ್ದವನ್ನು ತಿಳಿಯಲು ಛೇದದ ಗುಣಕಗಳನ್ನು ನೋಡಬೇಕು. ೬೩೨೪೫೪ರಲ್ಲಿ ೨, ೩, ೨೩, ೪೫೮೩ ಇವೆ. ಎರಡು ಎಂಬುದರಿಂದ ಬಿಂದುವಿನ ಮುಂದಿನ ಒಂದು ಅಂಕಿ ಆವರ್ತದ ಹೊರಗೆ ನಿಲ್ಲುತ್ತದೆ. ಮೂರರ ಆವರ್ತ ಒಂದು ಅಂಕಿ, ಇಪ್ಪತ್ತಮೂರರದು ೨೨, ೪೫೮೩ರದು ೪೫೮೨. ಇವುಗಳ ನಿರುದ್ಧವೇ ಒಟ್ಟು ಆವರ್ತ. ಛೇದಗಳನ್ನು ಸಮಗೊಳಿಸಲು ಮಹಾವೀರಾಚಾರ್ಯರು ಕಲಾಸವರ್ಣದಲ್ಲಿ ಹೇಳಿದ ನಿರುದ್ಧವೇ ಇಲ್ಲಿಯೂ ಉಪಯೋಗಕ್ಕೆ ಬರುತ್ತದೆ. ಅದು ೫೦೪೦೨. ಪುಟಕ್ಕೆ ಎರಡು ಸಾವಿರ ಅಂಕಿಗಳಂತೆ ಮುದ್ರಿಸಿದರೆ ಇಪ್ಪತ್ತೈದು ಪುಟಗಳು ತುಂಬಿದ ಮೇಲೆಯೇ ಮೊದಲ ಆವರ್ತ ಮುಗಿಯುತ್ತದೆ. ಇ‌ಪ್ಪತ್ತು ಪುಟಗಳನ್ನು ಓದಿ ಮರುಕಳಿಕೆಯನ್ನು ಕಾಣದವನು ಇದು ಅಭಾಗಲಬ್ಧವೆಂದು ತೀರ್ಮಾನಿಸಿದರೆ ಅವನ ತಾಳ್ಮೆ ಮೆಚ್ಚತಕ್ಕದ್ದು, ತೀರ್ಮಾನ ಮಾತ್ರ ತಪ್ಪು.

ಈಗ ಕರಣಿಯ ಮೂಲವನ್ನೂ ಆಸನ್ನಮೂಲವನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಬಹುದು. ಹತ್ತು ಅಂಕಿಗಳನ್ನು ತೋರಿಸುವ ಗಣಕಯಂತ್ರದಲ್ಲಿ ಎರಡೂ ೩೧೬೨೨೭.೭೬೬೦ ಎಂದೇ ಕಾಣುತ್ತವೆ. ಒಂದು ಆವರ್ತಿಸುವುದು, ಇನ್ನೊಂದು ಎಂದೂ ಆವರ್ತಿಸದಿರುವುದು. ಬಿಂದುವಿನ ಮುಂದೆ ಆರನೆಯ ಸ್ಥಾನದಲ್ಲಿ ಮಾತ್ರ ೭ ಮತ್ತು ೬ ಎಂದು ಬೇರೆಯಾಗುತ್ತವೆ. ಬೇರೆಯಾದ ಮೇಲೂ ಯಾವುದು ಯಾವ ಜಾತಿಯೆಂದು ಆ ಅಂಕಿಗಳು ಹೇಳುವುದಿಲ್ಲ. ಪರಿಮಿತವಾದ ಯಾವ ಅಂಕಿಸಾಲಿನಿಂದಲೂ ಈ ನಿರ್ಣಯ ಸಾಧ್ಯವಿಲ್ಲ. ಏಕೆಂದರೆ ಆ ಸಾಲಿನ ಮುಂದೆ ಸೊನ್ನೆಗಳನ್ನೇ ಬರೆದರೆ ಭಾಗಲಬ್ಧವಾಗುತ್ತದೆ; ಒಂದು ಮತ್ತು ಹೆಚ್ಚುತ್ತ ಹೋಗುವ ಸೊನ್ನೆಗಳ ಮೇಲಿನ ಸಾಲನ್ನು ಜೋಡಿಸಿದರೆ ಅಭಾಗಲಬ್ಧವಾಗುತ್ತದೆ. ದಶಮಾಂಶದ ಲಕ್ಷಣವು ಸಂಪೂರ್ಣ ಸಾಲಿಗೆ ಹೇಳಿದ್ದು, ಸಾಲಿನ ತುಣುಕಿಗಲ್ಲ. ಸಂಪೂರ್ಣ ಸಾಲನ್ನು ಯಾರೂ ಬರೆದು ಮುಗಿಸಲಾರರು. ಆದ್ದರಿಂದ ಸಂಖ್ಯೆಯ ಜಾತಿಯನ್ನು ನಿರ್ಣಯಿಸಬೇಕಾದದ್ದು ಅದರ ಉತ್ಪತ್ತಿಯಿಂದ. ಭಾಗಹಾರದಿಂದ ಬಂದಿದ್ದರೆ ಛೇದವು ಎಲ್ಲವನ್ನೂ ಹೇಳುತ್ತದೆ. ಮೂಲದಿಂದ ಬಂದಿದ್ದರೆ ಸೊನ್ನೆಗಳ ಸಮ–ವಿಷಮದಂತಹ ಯುಕ್ತಿ ಬೇಕು.

ಧವಲಾ ಟೀಕೆಯಲ್ಲಿ ವೀರಸೇನಾಚಾರ್ಯರು ಉಲ್ಲೇಖಿಸುವ ಪರಿಧಿಸೂತ್ರ ಇದಕ್ಕೆ ಇನ್ನೊಂದು ನಿದರ್ಶನ. ಅಲ್ಲಿ ಹದಿನಾರನ್ನು ಕೂಡಿಸಬೇಕೆಂಬ ಮಾತಿನ ಅರ್ಥವು ಬೇರೆಯೇ ಚರ್ಚೆಯ ವಿಷಯ. ಅದನ್ನು ಬಿಟ್ಟರೆ ಪರಿಧಿಗೂ ವ್ಯಾಸಕ್ಕೂ ಇರುವ ಅನುಪಾತ ೩೫೫/೧೧೩ ಎಂದಾಗುತ್ತದೆ. ದಶಮಾಂಶದಲ್ಲಿ ೩.೧೪೧೫೯೨೯೨, ವೃತ್ತದ ನಿಜವಾದ ಅನುಪಾತ ೩.೧೪೧೫೯೨೬೫. ಬಿಂದುವಿನ ಮುಂದೆ ಆರು ಸ್ಥಾನಗಳು ಸಮಾನ. ಆದರೆ ಮೊದಲನೆಯದು ೧೧೨ ಅಂಕಿಗಳ ಆವರ್ತವುಳ್ಳ ಭಿನ್ನರಾಶಿ. ಎರಡನೆಯದು ಅಭಾಗಲಬ್ಧವೆಂದು ೧೭೬೧ರಲ್ಲಿ ಲ್ಯಾಂಬರ್ಟ್ ಸಾಧಿಸಿದನು. ಅದಕ್ಕೂ ಮುಂಚೆ ಕೇರಳದ ನೀಲಕಂಠ ಸೋಮಯಾಜಿಗಳು ಆರ್ಯಭಟೀಯಭಾಷ್ಯದಲ್ಲಿ, ವ್ಯಾಸವನ್ನು ನಿಶ್ಶೇಷವಾಗಿ ಅಳೆಯುವ ಮಾನದಿಂದ ಪರಿಧಿಯನ್ನು ಅಳೆದರೆ ಶೇಷ ಉಳಿದೇ ಉಳಿಯುತ್ತದೆಂದು ವಿವರಿಸಿದ್ದರು. ೨೦೨೪ರ ವೇಳೆಗೆ ಈ ಅನುಪಾತದ ಅಂಕಿಗಳನ್ನು ಇನ್ನೂರು ಲಕ್ಷ ಕೋಟಿಗೂ ಮೀರಿ ಯಂತ್ರಗಳು ತೆಗೆದಿವೆ. ಅಷ್ಟೂ ಅಂಕಿಗಳು ಲ್ಯಾಂಬರ್ಟನ ಸಾಧನೆಗೆ ಏನನ್ನೂ ಕೂಡಿಸುವುದಿಲ್ಲ. ಇದಕ್ಕೆ ಪ್ರತಿಯಾಗಿ ಆಯ್ಲರನ ಹೆಸರಿನಿಂದ ಪ್ರಸಿದ್ಧವಾದ ೦.೫೭೭೨ ಎಂದು ಆರಂಭವಾಗುವ ಸ್ಥಿರಾಂಕದ ಅಂಕಿಗಳು ಸಾವಿರಾರು ಕೋಟಿ ತಿಳಿದಿದ್ದರೂ ಅದು ಭಾಗಲಬ್ಧವೋ ಅಭಾಗಲಬ್ಧವೋ ಎಂಬುದು ಇಂದಿಗೂ ಅನಿರ್ಣೀತ.

ಹಸ್ತಪ್ರತಿ ಸಂಪಾದನೆಗೆ ಇದರಿಂದಾಗುವ ಪ್ರಯೋಜನವನ್ನು ತಿಲೋಯಪಣ್ಣತ್ತಿಯ ಶ್ರೇಣಿಯಲ್ಲಿಯೇ ತೋರಿಸಬಹುದು. ಓಲೆಗರಿಗಳಲ್ಲಿ ಭಿನ್ನರಾಶಿಯನ್ನು ನಡುವೆ ಗೆರೆಯಿಲ್ಲದೆ ಅಂಶವನ್ನು ಮೇಲೆ, ಛೇದವನ್ನು ಕೆಳಗೆ ಬರೆಯುವುದುಂಟು. ಸಣ್ಣ ಸಣ್ಣ ಅಂಕಿಗಳ ದೀರ್ಘ ಶ್ರೇಣಿಯಲ್ಲಿ ಒಂದು ಅಂಕಿ ಬಿಟ್ಟುಹೋಗುವುದು, ೬ ಮತ್ತು ೯ ಅದಲುಬದಲಾಗುವುದು, ಸೊನ್ನೆಯ ಸ್ಥಾನವನ್ನೇ ಲಿಪಿಕಾರ ಕೈಬಿಡುವುದು ಅಸಂಭವವಲ್ಲ. ಅಂಚು ಮುರಿದ ಗರಿಯಾದರೆ ಹೇಳಬೇಕಾದುದೇ ಇಲ್ಲ. ಅಂತಹ ಸಂದರ್ಭದಲ್ಲಿ ಆಧುನಿಕ ಮೂಲದಿಂದ ಅಂಗುಲವನ್ನು ತಂದು ಶ್ರೇಣಿಯನ್ನು ಪೂರೈಸಿದರೆ ಒಂದು ಅಂಕಿಯೂ ವಿಶ್ವಾಸಾರ್ಹವಾಗುವುದಿಲ್ಲ. ಹದಿಮೂರರ ಬದಲು ಹನ್ನೆರಡು ಬಂದಮೇಲೆ ಕೆಳಗಿನದೆಲ್ಲ ಬೇರೆಯಾಗುತ್ತದೆ, ಕೊನೆಯ ೨೩೨೧೩/೧೦೫೪೦೯ ಅನಾಥವಾಗುತ್ತದೆ. ಆದರೆ ಈ ಭಿನ್ನರಾಶಿಯೊಂದು ಗರಿಯಲ್ಲಿ ಉಳಿದಿದ್ದರೆ ಸಾಕು, ಅಂಗುಲದ ಕೆಳಗಿನ ಹನ್ನೆರಡು ಅಂಕಿಗಳನ್ನೂ ಹಿಮ್ಮುಖವಾಗಿ ಮರಳಿ ಪಡೆಯಬಹುದು.

ಕ್ರಮ ಹೀಗೆ. ೧೦೫೪೦೯ನ್ನು ಎಂಟರಿಂದ ಭಾಗಿಸಿದರೆ ಒಂದು ಉಳಿಯುತ್ತದೆ. ಹಾಗಾಗಿ ಕೊನೆಯ ಅಂಶವನ್ನು ಎಂಟರಿಂದ ಭಾಗಿಸಿ, ಉಳಿದುದನ್ನು ಎಂಟರಲ್ಲಿ ಕಳೆದರೆ ಆ ಸ್ಥಾನದ ಅಂಕಿ ದೊರೆಯುತ್ತದೆ; ಏನೂ ಉಳಿಯದಿದ್ದರೆ ಅಂಕಿ ಸೊನ್ನೆ. ೨೩೨೧೩ನ್ನು ಎಂಟರಿಂದ ಭಾಗಿಸಿದರೆ ಐದು ಉಳಿಯುತ್ತದೆ, ಆದ್ದರಿಂದ ಅವಸನ್ನಾಸನ್ನ ಮೂರು. ಮೂರರಿಂದ ಛೇದವನ್ನು ಗುಣಿಸಿ ೨೩೨೧೩ನ್ನು ಕೂಡಿಸಿದರೆ ೩೩೯೪೪೦. ಎಂಟರಿಂದ ಭಾಗಿಸಿದರೆ ೪೨೪೩೦, ಇದು ಮೇಲಿನ ಸ್ಥಾನದ ಶೇಷ. ೪೨೪೩೦ರಲ್ಲಿ ಎಂಟರಿಂದ ಭಾಗಿಸಿ ಉಳಿಯುವುದು ಆರು, ಸನ್ನಾಸನ್ನ ಎರಡು. ಮುಂದಿನ ಶೇಷ ೩೧೬೫೬, ಎಂಟರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ, ತ್ರುಟಿರೇಣು ಸೊನ್ನೆ. ಅದರ ಮೇಲೆ ೩೯೫೭, ಉಳಿಯುವುದು ಐದು, ತ್ರಸರೇಣು ಮೂರು. ಮತ್ತೆ ೪೦೦೨೩, ಉಳಿಯುವುದು ಏಳು, ರಥರೇಣು ಒಂದು. ಪ್ರತಿಯಲ್ಲಿ ಯಾವ ಸ್ಥಾನದ ಅಂಕಿ ತಪ್ಪಿದ್ದರೂ ಆ ಸ್ಥಾನದಲ್ಲಿಯೇ ಎಂಟರ ಭಾಗಹಾರ ಕೂಡಿಬರದೆ ತಪ್ಪು ಬಯಲಾಗುತ್ತದೆ. ಛೇದವೇ ಮಾಸಿದ್ದರೂ ಚಿಂತೆಯಿಲ್ಲ. ಅದರ ಆರು ಪಟ್ಟು ೩೧೬೨೨೭ರ ಇಮ್ಮಡಿಗೆ ಸಮವಾಗಿರಬೇಕೆಂಬುದು ಗೊತ್ತಿದೆ. ಹೀಗೆ ಉತ್ತಮ, ಮಧ್ಯಮ, ಜಘನ್ಯ ವಾಲಾಗ್ರಗಳನ್ನೂ ಕರ್ಮಭೂಮಿಯ ವಾಲಾಗ್ರವನ್ನೂ ದಾಟಿ, ಲಿಕ್ಷಾ, ಯೂಕಗಳನ್ನು ಪಡೆದು ಯವದ ಐದನ್ನು ಮುಟ್ಟಿದಾಗ ಉಳಿಯುವ ಅಂಶ ೬೭೮೯೧. ಅದನ್ನು ಆರರಿಂದ ಗುಣಿಸಿದರೆ ೪೦೭೩೪೬; ಹದಿಮೂರು ಅಂಗುಲಗಳನ್ನು ತೆಗೆದ ಮೇಲೆ ಉಳಿದಿದ್ದ ಶೇಷವೂ ಇದೇ.